ಒಣ ಈಜುಕೊಳದಲ್ಲಿ ಒಂದು ಅಲೆ

ಆ ಭಾನುವಾರ ಬೆಳಿಗ್ಗೆಯೂ ನಾನು ಎಲ್ಲ ದಿನಗಳಂತೆಯೇ ಎದ್ದೆ. ಫಿಲ್ಟರಿಗೆ ಪುಡಿ ಹಾಕಿ ಬಿಸಿನೀರು ಸುರಿದು, ಡಿಕಾಕ್ಷನ್ ಇಳಿಯುವಷ್ಟರಲ್ಲಿ ಹಾಲು ತಂದುಬಿಡೋಣವೆಂದು ಬಟ್ಟೆಯ ಚೀಲ ಹಿಡಿದು ಹೊರಟೆ. ಜಾಲಹಳ್ಳಿಯ ನಮ್ಮ ಕಾರ್ಖಾನೆ ಕ್ವಾರ್ಟರ್ಸಿನಲ್ಲಿ ಭಾನುವಾರ ತಡವಾಗಿ ಕಣ್ಣು ಬಿಡುತ್ತದೆ. ರಾತ್ರಿ ಈ ವರ್ಷದ ಮೊದಲ ಮಳೆ ಬಂದಿತ್ತು. ಮೇಫ್ಲವರ್ ಎಸಳುಗಳು ಸ್ಕೂಟರ್ ಸೀಟುಗಳಿಗೆ ಅಂಟಿಕೊಂಡಿದ್ದವು. ಬೂತಿನವನು ಎರಡು ಪ್ಯಾಕೆಟ್ ಕೊಟ್ಟು, "ಮೇಡಂ, ಮುಂದಿನ ರೋಡಲ್ಲಿ ನೀರು ನಿಂತಿದೆ, ಕ್ಲಬ್ ಹಿಂದಿನಿಂದ ಹೋಗಿ" ಎಂದ. ಹಾಗೇ ಹೋದೆ.

ಕ್ಲಬ್ಬಿನ ಹಿಂದೆ ನೀರಿಲ್ಲದ ಈಜುಕೊಳವಿದೆ. ಅದರ ಗೇಟಿಗೆ ಬೀಗ, ಗೇಟಿನ ಪಕ್ಕ ಕಂಬಕ್ಕೆ ಬಡಿದ ಒಂದು ಬೋರ್ಡು. "ದಯವಿಟ್ಟು ಕೊಳಕ್ಕೆ ಇಳಿಯಬೇಡಿ. ಸ್ಕೇಟ್‌ಬೋರ್ಡ್ ನಿಷೇಧಿಸಲಾಗಿದೆ. ದಡದಲ್ಲಿ ನಿಂತು ನೋಡಿ" ಎಂದು ಕೆಂಪು ಅಕ್ಷರಗಳಲ್ಲಿ ಬರೆದಿತ್ತು. ಬರೆಸಿದ್ದು ನಾನೇ.

ಅಂದು ಆ ಬೋರ್ಡಿನ ಮೇಲೆ ಒಂದು ಅಕ್ಷರವೂ ಇರಲಿಲ್ಲ. ಬಿಳಿಯ ತಗಡು, ಅದರ ಮೇಲಿಂದ ಕಂಬದ ಬುಡದವರೆಗೆ ಇಳಿದ ಕೆಂಪು ಧಾರೆಗಳು, ಹುಲ್ಲಿನ ಮೇಲೆ ಕುಂಕುಮ ಕದಡಿದಂಥ ಒಂದು ಸಣ್ಣ ಮಡು. ಅಷ್ಟೇ.

ನಾನು ಹಾಲಿನ ಚೀಲ ಹಿಡಿದುಕೊಂಡೇ ನಿಂತೆ. ಮಳೆಗೆ ಅಕ್ಷರ ಅಳಿಸಿಹೋಗುವುದು ಲೋಕದಲ್ಲಿ ದೊಡ್ಡ ವಿಷಯವೇನಲ್ಲ. ಆದರೆ ಅದನ್ನು ಬರೆದವರ ಅಕ್ಷರ ಮಳೆಗೆ ಹೋಗುವುದಿಲ್ಲ. ಕಾರ್ಖಾನೆಯ ಹಳೇ ಗೇಟಿನ ಮೇಲೆ ಅವರು ಬರೆದ ಹೆಸರು, ನನ್ನ ಮದುವೆಯಾಗಿ ನಾನಿಲ್ಲಿಗೆ ಬರುವ ಮೊದಲೇ ಬರೆದದ್ದು, ಇವತ್ತಿಗೂ ಹೊಳೆಯುತ್ತದೆ. ಅವರು ತೀರಿಕೊಂಡು ಅಂದಿಗೆ ಹದಿನಾರು ದಿನವಾಗಿತ್ತು.

ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಮೂವತ್ತೈದು ವರ್ಷ ಊರವರ, ಯಂತ್ರಗಳ, ಅಧಿಕಾರಿಗಳ ಹೆಸರು ಬರೆದರೂ ತಮ್ಮ ಹೆಸರನ್ನು ಎಲ್ಲೂ ಬರೆದುಕೊಂಡವರಲ್ಲ. ಒಮ್ಮೆ ಕೇಳಿದ್ದಕ್ಕೆ, "ನಂದು ರೇಷನ್ ಕಾರ್ಡಲ್ಲಿ ಐತಲ್ಲ ಮೇಡಂ, ಸಾಕು" ಎಂದಿದ್ದರು. ಕ್ವಾರ್ಟರ್ಸಿನಲ್ಲೆಲ್ಲ ಅವರು ಪೇಂಟರ್ ಯಜಮಾನರು. ಮಾಕಳಿಯ ಕಡೆಯವರು. ಕಾರ್ಖಾನೆಯ ಪೇಂಟ್ ವಿಭಾಗದಲ್ಲಿದ್ದು ನಿವೃತ್ತರಾದ ಮೇಲೂ ದಿನಾ ಒಂದು ಹಳೇ ಸೈಕಲ್ಲಿನಲ್ಲಿ ಈ ಕಡೆ ಬರುತ್ತಿದ್ದರು. ಬಲಗಿವಿಯ ಮೇಲೆ ಒಂದು ಬ್ರಶ್ಶು ಸಿಕ್ಕಿಸಿಕೊಂಡಿರುತ್ತಿತ್ತು. ಅದನ್ನು ತೆಗೆದರೂ ಕಿವಿ ಸ್ವಲ್ಪ ಮುಂದಕ್ಕೆ ಬಾಗಿಯೇ ಇರುತ್ತಿತ್ತು. ಅವರು ಬಂದರೆಂದು ಟರ್ಪೆಂಟೈನ್ ವಾಸನೆಯಿಂದ ಮೊದಲು ತಿಳಿಯುತ್ತಿತ್ತು, ಆಮೇಲೆ ಕೆಮ್ಮಿನಿಂದ.

ಬರೆಯುವಾಗ ಎಡಗೈಯಲ್ಲಿ ಒಂದು ಕೋಲು ಹಿಡಿದು, ಬಲಗೈಯನ್ನು ಅದರ ಮೇಲೆ ಊರುತ್ತಿದ್ದರು. ಕೋಲಿನ ತುದಿಗೆ ಹಳೇ ಬನಿಯನ್ನಿನ ಬಟ್ಟೆ ಸುತ್ತಿ ಉಂಡೆ ಮಾಡಿಕೊಂಡಿದ್ದರು, ಗೋಡೆಗೆ ಗಾಯವಾಗದಿರಲೆಂದು. ಸ್ಕೇಲು ಹಿಡಿದದ್ದನ್ನು ನಾನು ಕಂಡಿಲ್ಲ. ಒಂದು ಕಣ್ಣು ಮುಚ್ಚಿ, ತಲೆಯನ್ನು ಕೋಳಿಯಂತೆ ಓರೆ ಮಾಡಿ ನೋಡುವರು. ಆಮೇಲೆ 'ಕ'ದ ಹೊಟ್ಟೆಯನ್ನು ಒಂದೇ ಉಸಿರಿಗೆ ಎಳೆದುಬಿಡುವರು. ಕಾನ್ವೆಂಟಿನಲ್ಲಿ ನಾಲ್ಕು ಗೆರೆಯ ಕಾಪಿಪುಸ್ತಕದಲ್ಲಿ ಬೆರಳು ನೋಯುವಷ್ಟು ಬರೆದವಳು ನಾನು. ಅಲ್ಲಿ ಕಲಿಸಿದ ನಮ್ಮ ಸಿಸ್ಟರ್ ಈ ಪೇಂಟರ್ ಯಜಮಾನರ ಕೈಯನ್ನೊಮ್ಮೆ ನೋಡಿದ್ದರೆ, ತಮ್ಮ ರೂಲರನ್ನು ಬೀರುವಿನೊಳಗೆ ಇಟ್ಟುಬಿಡುತ್ತಿದ್ದರು ಎಂದು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕಾರ್ಖಾನೆಯ ಗೇಟಿನ ಒಳಗೆ ಎರಡು ಬಗೆಯ ಬೋರ್ಡುಗಳಿದ್ದವಂತೆ. ವಿಭಾಗದ ಹೆಸರು, ಅಪಾಯದ ಸೂಚನೆ ಇವೆಲ್ಲ ಟರ್ಪೆಂಟೈನ್ ಬೆರೆಸುವ, ನೀರಿಗೆ ಹೋಗದ ಎನಾಮಲ್ ಎಣ್ಣೆಬಣ್ಣದಲ್ಲಿ. ವಾರಕ್ಕೊಂದು ಸುರಕ್ಷತೆಯ ಮಾತು ಬರೆಯುವ ಬೋರ್ಡು ಮಾತ್ರ ನೀರಲ್ಲಿ ಕಲಸುವ ಪುಡಿ ಡಿಸ್ಟೆಂಪರಿನಲ್ಲಿ. ಸೋಮವಾರ ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಹಳೆಯ ಮಾತು ಹೋಗಬೇಕು, ಹೊಸದಕ್ಕೆ ಜಾಗವಾಗಬೇಕು. ಅವರು ಇದನ್ನು ಹೇಳುವಾಗ ದೊಡ್ಡ ಶಾಸ್ತ್ರ ಹೇಳಿದಂತೆ ಬೆರಳೆತ್ತುತ್ತಿದ್ದರು.

"ಇರ್ಬೇಕಾದ್ದಕ್ಕೆ ಎನಾಮಲ್ಲು, ಓಗ್ಬೇಕಾದ್ದಕ್ಕೆ ಡಿಸ್ಟೆಂಪರ್ರು. ಎರಡನ್ನ ಅದಲುಬದಲು ಮಾಡ್ದೋನು ಪೇಂಟ್ರೇ ಅಲ್ಲ ಮೇಡಂ."

ಈಜುಕೊಳಕ್ಕೆ ಅವರು ಬಂದದ್ದೂ ಒಂದು ಬೋರ್ಡು ಬರೆಯಲಿಕ್ಕೇ.

ಬೋರ್‌ವೆಲ್ ಬತ್ತಿ ಕೊಳ ಒಣಗಿ ಆರೇಳು ವರ್ಷವಾಗಿತ್ತು. ನಮ್ಮ ಮನೆಯ ಹಿತ್ತಲಿನ ಕಾಂಪೌಂಡಿನಾಚೆಗೇ ಅದು. ಎಲೆ ಬೀಳುತ್ತಿತ್ತು, ನಾಯಿ ಮರಿ ಹಾಕುತ್ತಿತ್ತು. ಆಮೇಲೊಂದು ಭಾನುವಾರ ಗಡಗಡ ಸದ್ದು ಕೇಳಿ ಸ್ಟೂಲು ಹಾಕಿಕೊಂಡು ಇಣುಕಿದರೆ, ಹತ್ತು ಹನ್ನೆರಡು ಮಂದಿ ಚಕ್ರದ ಹಲಗೆಗಳ ಮೇಲೆ ನಿಂತು ಕೊಳದ ಇಳಿಜಾರಿನಲ್ಲಿ ಜಾರುತ್ತಿದ್ದರು. ಕ್ವಾರ್ಟರ್ಸಿನ ಕೆಲವು ಮಕ್ಕಳು, ಉಳಿದವರು ಪೀಣ್ಯದ ಸಣ್ಣಪುಟ್ಟ ಕಾರ್ಖಾನೆಗಳಲ್ಲಿ ದುಡಿಯುವ ಯುವಕ ಯುವತಿಯರು. ಅವರಲ್ಲೊಬ್ಬ ಗಾರೆಯವನಂತೆ. ಕೊಳದ ಆಳದ ಕಡೆಯ ಮೂಲೆಗಳಿಗೆ ಸಿಮೆಂಟ್ ತುಂಬಿ, ಗೋಡೆಗಳನ್ನು ಬಾಣಲೆಯ ಒಳಮೈಯಂತೆ ದುಂಡಗೆ ಮಾಡಿಟ್ಟಿದ್ದ.

ಅವರ ಮುಂದಾಳು ಶಿವಲೀಲಾ ಎಂಬ ಇಪ್ಪತ್ತಮೂರು ವರ್ಷದ ಹುಡುಗಿ. ಗದಗದ ಕಡೆಯವಳು. ಪೀಣ್ಯದಲ್ಲಿ ಬೋಲ್ಟು ನಟ್ಟುಗಳನ್ನು ತಪಾಸಣೆ ಮಾಡುವ ಕೆಲಸ. ಎರಡು ಜಡೆಯನ್ನು ಹೆಲ್ಮೆಟ್ಟಿನೊಳಗೆ ತುರುಕಿಕೊಂಡು ಗೋಡೆಯಂಚಿನವರೆಗೆ ಹಾರಿ, ಅಲ್ಲಿ ಒಂದು ಕ್ಷಣ ನಿಂತು, ಮತ್ತೆ ಇಳಿಯುತ್ತಿದ್ದಳು. ಆ ಒಂದು ಕ್ಷಣಕ್ಕೆ ನನ್ನ ಉಸಿರೂ ನಿಲ್ಲುತ್ತಿತ್ತು.

ಎದುರು ಮನೆಯ ಗಿರಿಜಮ್ಮನವರು ದಾವಣಗೆರೆಯವರು, ಮಧ್ಯಾಹ್ನದ ನಿದ್ದೆಯನ್ನು ಪೂಜೆಯಷ್ಟೇ ನಿಷ್ಠೆಯಿಂದ ಮಾಡುವವರು. "ಏನ್ರೀ, ಆ ಗಡಗಡ ಸದ್ದಿಗೆ ಕಣ್ಣಿಗೆ ಕಣ್ಣು ಹತ್ತಂಗಿಲ್ಲ ನೋಡ್ರಿ. ನಿಮ್ಮನೆಯವ್ರಿಗೆ ಒಂದು ಮಾತು ಹೇಳ್ರಿ" ಎಂದರು. ನಮ್ಮವರು ಕಾರ್ಖಾನೆಯಲ್ಲಿ ಅಧಿಕಾರಿ, ಕ್ಲಬ್ಬಿನ ಕಾರ್ಯದರ್ಶಿಯೂ ಹೌದು. ಅಪಾಯ, ಕೊಳಕ್ಕೆ ಇಳಿಯಬಾರದು ಎಂದು ಒಂದು ಬೋರ್ಡು ಬರೆಸುವುದೆಂದು ತೀರ್ಮಾನವಾಯಿತು. ಪೇಂಟರ್ ಯಜಮಾನರಿಗೆ ಹೇಳಿಕಳಿಸಿದರು.

ಅವರು ಮಧ್ಯಾಹ್ನ ಮೂರಕ್ಕೆ ಕೆಂಪು ಎನಾಮಲ್ ಡಬ್ಬಿ ಹಿಡಿದು ಬಂದದ್ದನ್ನು ನಾನು ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಐದೂವರೆಗೆ ಚಹಾ ತೆಗೆದುಕೊಂಡು ಹೋದರೆ, ಡಬ್ಬಿಯ ಮುಚ್ಚಳವನ್ನೇ ತೆಗೆದಿಲ್ಲ. ದಡದಲ್ಲಿ ಕಾಲು ಇಳಿಬಿಟ್ಟು ಕೂತಿದ್ದಾರೆ. ಪಕ್ಕದಲ್ಲಿ ಶಿವಲೀಲಾ. ಅವಳ ಹಲಗೆ ಅಂಗಾತವಾಗಿ ಅವರ ತೊಡೆಯ ಮೇಲಿದೆ. ಹಲಗೆಯ ತಳದಲ್ಲಿ ಯಾವುದೋ ಹಕ್ಕಿಯ ಚಿತ್ರ, ಅರ್ಧಕ್ಕರ್ಧ ಉಜ್ಜಿ ಹೋಗಿ ಮರ ಕಾಣುತ್ತಿತ್ತು.

"ಯಾರೋ ಪುಣ್ಯಾತ್ಮ ಎಷ್ಟು ಚೆಂದಾಗಿ ಬರ್ದವ್ನೆ. ಇಂಗೆ ಕೆರೆದಾಕಿದೀಯಲ್ಲಮ್ಮ, ಅವ್ನು ನೋಡುದ್ರೆ ಒಟ್ಟೆ ಉರ್ಕೊಳಲ್ವಾ?"

"ಇಲ್ರೀ ಅಜ್ಜಾರ. ತಿಕ್ಕಿ ಹೋಗ್ಲಿ ಅಂತನ ಬರ್ದಿರ್ತಾರ. ಗೋಡಿ ಅಂಚಿಗೆ ಹಲಗಿ ತಿಕ್ಕಬೇಕ್ರಿ, ಚಿತ್ರ ಹೋಗಬೇಕು. ತಳದಾಗಿನ ಚಿತ್ರ ಹೊಸಾದ್ಹಂಗ ಇತ್ತಂದ್ರ ಇಕಿ ಹಲಗಿ ಹತ್ತೇ ಇಲ್ಲಂತ ನಗ್ತಾರ."

"ಓಗ್ಲಿ ಅಂತಾನೇ ಬರೀತಾರಾ?"

"ಹೂನ್ರಿ."

ಅವರು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಚಹಾ ತಣ್ಣಗಾಯಿತು. ನನ್ನ ಕಡೆ ನೋಡಿ ಅವರೆಂದ ಮಾತು ಇಷ್ಟೇ: "ಎನಾಮಲ್ಲಲ್ಲಿ ಬರ್ದವ್ನೆ ಮೇಡಂ. ಡಿಸ್ಟೆಂಪರ್ರಲ್ಲ. ಎನಾಮಲ್ಲು."

ಅವರ ದನಿ ಹಾಗೆ ಅಲುಗಿದ್ದನ್ನು ನಾನು ಹಿಂದೆ ಕೇಳಿರಲಿಲ್ಲ. ಬಾಳೆಲ್ಲ ಎರಡೇ ಡಬ್ಬಿಗಳೆಂದು ನಂಬಿದ್ದವರು. ಉಳಿಯುವ ಬಣ್ಣದಲ್ಲಿ, ಪೂರ್ತಿ ಮನಸ್ಸಿಟ್ಟು, ಹೋಗಲೆಂದೇ ಬರೆಯುವ ಜನ ಎಲ್ಲೋ ಇದ್ದಾರೆಂದು ಅವರಿಗೆ ಅರವತ್ತೆರಡನೆಯ ವಯಸ್ಸಿನಲ್ಲಿ ಗೊತ್ತಾಯಿತು.

ಅಪಾಯದ ಬೋರ್ಡು ಅವತ್ತು ಬರೆಯಲಿಲ್ಲ, ಮರುದಿನವೂ ಬರೆಯಲಿಲ್ಲ. ಮೂರನೆಯ ದಿನ ನಮ್ಮವರ ಮುಂದೆ ಬಂದು ನಿಂತು, "ಸಾರ್, ಸ್ಟೋರಲ್ಲಿ ಹಳೇ ಡಬ್ಬಿಗಳು ಬಿದ್ದವೆ, ಎಸೆಯೋ ಅಂತವು. ಕೊಟ್ರೆ ಆ ಗುಂಡಿಗೆ ಬಣ್ಣ ಬಳೀತೀನಿ. ಕೂಲಿ ಬ್ಯಾಡ" ಎಂದರು. ನಮ್ಮವರಿಗೆ ಸುಣ್ಣ ಬಳಿಯುತ್ತಾರೆಂದಷ್ಟೇ ಅರ್ಥವಾಗಿತ್ತು. ಒಪ್ಪಿಕೊಂಡರು, ಬೋರ್ಡಿನ ಮಾತು ಅಲ್ಲಿಗೇ ನಿಂತಿತು.

ಶಿವಲೀಲಾ ತನ್ನ ಫೋನಿನಲ್ಲಿ ಅವರಿಗೆ ಏನೇನೋ ತೋರಿಸಿದ್ದಳು. ದೂರದ ಸಮುದ್ರ ತೀರದ ಊರುಗಳಲ್ಲಿ ಅಲೆಯ ಮೇಲೆ ಹಲಗೆ ಹಾಕಿ ನಿಲ್ಲುವ ಜನ, ಅಲೆ ಏಳದ ದಿನಗಳಲ್ಲಿ ಸುಮ್ಮನಿರಲಾರದೆ ಹಲಗೆಗೆ ಚಕ್ರ ಕಟ್ಟಿ ಬೀದಿಗಿಳಿದದ್ದು, ನೀರಿಲ್ಲದ ಈಜುಕೊಳಗಳಿಗೆ ನುಗ್ಗಿ ಸಿಮೆಂಟ್ ಗೋಡೆಯನ್ನೇ ಅಲೆಯೆಂದು ಏರಿದ್ದು, ಹಲಗೆಗಳ ಮೇಲೆ, ಗೋಡೆಗಳ ಮೇಲೆ, ಅಂಗಿಗಳ ಮೇಲೆ ಚಿತ್ರ ಬರೆದದ್ದು, ಆ ಚಿತ್ರಗಳು ಈಗ ದೊಡ್ಡ ದೊಡ್ಡ ಗ್ಯಾಲರಿಗಳಲ್ಲಿ ತೂಗುವುದು. ಗ್ಯಾಲರಿಯ ಮಾತು ಅವರ ಕಿವಿಗೇ ಬೀಳಲಿಲ್ಲ.

"ಅಲ್ಲಾ ಮೇಡಂ, ನೀರೇ ಇಲ್ದಿದ್ರೂವೆ ಅಲೆ ಬಿಡ್ಲಿಲ್ಲ ಅನ್ನಿ ಆ ನನ್ಮಕ್ಳು!" ಎಂದು ತೊಡೆ ತಟ್ಟಿ ನಕ್ಕರು. ಆಮೇಲೆ ತಟಕ್ಕನೆ ಗಂಭೀರವಾದರು. "ನಾನು ಸಮುದ್ರ ನೋಡಿಲ್ಲ. ನೀವು ಆ ಕಡೆಯೋರಂತಲ್ಲ. ಅಲೆ ಎಂಗಿರ್ತದೆ ಹೇಳಿ."

ನಾನು ಸುರತ್ಕಲ್ಲಿನಲ್ಲಿ ಬೆಳೆದವಳು. ಶಾಲೆಯ ಬೆಂಚಿನಿಂದ ಸಮುದ್ರದ ಸದ್ದು ಕೇಳುತ್ತಿತ್ತು. ನೀಲಿ, ನೊರೆ, ಎತ್ತರ ಎಂದು ಏನೋ ಹೇಳಿದೆ.

"ಅದು ಕ್ಯಾಲೆಂಡರಲ್ಲೂ ಐತೆ. ಮುರಿಯೋಕೆ ಮುಂಚೆ, ಎದ್ದು ನಿಂತಿರ್ತದಲ್ಲ, ಆವಾಗ ಅದ್ರ ಒಟ್ಟೆ ಯಾವ ಬಣ್ಣ?"

"ಗೊತ್ತಿಲ್ಲ" ಎಂದೆ.

"ಅದಿನೆಂಟು ವರ್ಷ ಅಲ್ಲೇ ಇದ್ರಿ ಅಂತೀರ?"

ಅವತ್ತು ಇಡೀ ದಿನ ನಾನು ಒಗ್ಗರಣೆ ಹಾಕುತ್ತ, ಬಟ್ಟೆ ಮಡಚುತ್ತ ಆ ಹೊಟ್ಟೆಯ ಬಣ್ಣವನ್ನೇ ಹುಡುಕಿದೆ. ಸಂಜೆ ಸಾರಿಗೆ ಹುಣಸೆ ಕಿವುಚುವಾಗ ನೆನಪಾಯಿತು. ಚಿಕ್ಕವಳಿದ್ದಾಗ ತಂದೆಯವರ ಕೈ ಹಿಡಿದು ಮೊಣಕಾಲು ನೀರಿನಲ್ಲಿ ನಿಂತಿದ್ದಾಗ, ಅಲೆಯೊಂದು ತನ್ನ ಹಿಂದೆ ಸೂರ್ಯನನ್ನಿಟ್ಟುಕೊಂಡು ನನಗಿಂತ ಎತ್ತರಕ್ಕೆ ಎದ್ದಿತ್ತು. ಮರುದಿನ ಹೋಗಿ ಹೇಳಿದೆ: "ಗೋಲಿ ಸೋಡಾ ಬಾಟಲಿಯ ತಳದ ಬಣ್ಣ. ಬಿಸಿಲಿಗೆ ಹಿಡಿದರೆ ಕಾಣುತ್ತಲ್ಲ, ಅದು."

ಸೈಕಲ್ ಹತ್ತಿ ಹೋದವರು ಎರಡು ಗಂಟೆ ಬಿಟ್ಟು ಯಾವುದೋ ಹಳೇ ಅಂಗಡಿಯಿಂದ ಒಂದು ಖಾಲಿ ಸೋಡಾ ಬಾಟಲಿ ತಂದರು. ಆಮೇಲಿನ ನಾಲ್ಕು ತಿಂಗಳು ಆ ಬಾಟಲಿ ಕೊಳದ ಮೆಟ್ಟಿಲಿನ ಮೇಲಿತ್ತು.

ಮೊದಲು ಅವರು ಗೋಡೆಯ ಮೇಲೆ ಚಾಕ್‌ಪೀಸಿನಲ್ಲಿ ಒಂದು ಅಲೆ ಬರೆದರು. ಬಹಳ ಚೆನ್ನಾಗಿತ್ತು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಅವರಿಗೆ ಸಮಾಧಾನವಿಲ್ಲ. ಶಿವಲೀಲಾಳ ಹಲಗೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪಂಚೆ ಒತ್ತಿಕೊಂಡು, "ನೂಕಮ್ಮ" ಎಂದರು. ಅವಳು ಹೆದರಿಕೊಂಡೇ ನೂಕಿದಳು. ಇಳಿಜಾರಿನಲ್ಲಿ ಜಾರಿ ಹೋಗಿ, ಎದುರು ಗೋಡೆಯನ್ನು ಅರ್ಧ ಏರಿ, ಹಿಂದಕ್ಕೆ ಬಂದು, ಮಗುಚಿ ಬಿದ್ದು, ಎದ್ದು, ನೇರವಾಗಿ ಹೋಗಿ ಒದ್ದೆ ಬಟ್ಟೆಯಿಂದ ಚಿತ್ರವನ್ನೆಲ್ಲ ಒರೆಸಿಬಿಟ್ಟರು.

"ಯಾಕ್ರೀ ಅಜ್ಜಾರ?" ಎಂದು ಅವಳು ಕಿರುಚಿದಳು.

"ನಾನು ನಿಂತ್ಕಂಡು ಬರ್ದಿದ್ದೆ. ನೀವು ಓಡ್ತಾ ನೋಡ್ತೀರಿ. ಫ್ಯಾಕ್ಟ್ರಿ ಗೇಟ್ ಮುಂದೆ ರೋಡ್ ಮೇಲೆ 'ನಿಧಾನ' ಅಂತ ಬರ್ದಿಲ್ವಾ ನಾನು? ನಿಂತು ನೋಡುದ್ರೆ ಉದ್ದುದ್ದ, ಎಳೆದಂಗೆ ಐತೆ. ಗಾಡೀಲಿ ಬರೋನ್ಗೆ ಸರಿಯಾಗಿ ಕಾಣ್ತದೆ. ಅಂಗೆ ಬರೀಬೇಕು ಇದನ್ನ."

ಹಾಗೆಯೇ ಬರೆದರು. ಬಣ್ಣಕ್ಕೆ ಸಣ್ಣ ಮರಳನ್ನು ಜರಡಿ ಹಿಡಿದು ಬೆರೆಸುತ್ತಿದ್ದರು, ಚಕ್ರ ಜಾರಬಾರದೆಂದು. ಬೆಳಿಗ್ಗೆ ಏಳರಿಂದ, ಸಿಮೆಂಟ್ ಬಿಸಿಲಿಗೆ ಕಾಯುವವರೆಗೆ ಕೆಲಸ. ನಾನು ಹತ್ತು ಗಂಟೆಗೆ ಉಪ್ಪಿಟ್ಟೋ ಅವಲಕ್ಕಿಯೋ ಕೊಂಡೊಯ್ಯುತ್ತಿದ್ದೆ. ಕೈ ತೊಳೆಯದೆ, ಕಾಗದದಲ್ಲಿ ಹಿಡಿದು, ಕಣ್ಣು ಗೋಡೆಯಿಂದ ತೆಗೆಯದೆ ತಿನ್ನುವರು. ನಾನು ಕೈಗಳನ್ನು ಹಿಂದೆ ಕಟ್ಟಿಕೊಂಡು ದಡದಲ್ಲಿ ನಿಲ್ಲುತ್ತಿದ್ದೆ. ಚಿತ್ರಪ್ರದರ್ಶನಕ್ಕೆ ಕರೆದುಕೊಂಡು ಹೋದಾಗ ಸಿಸ್ಟರ್ ಕಲಿಸಿದ್ದು ಅದು: ಚೆಲುವಾದ ವಸ್ತುವನ್ನು ಕೈ ಹಿಂದೆ ಕಟ್ಟಿಕೊಂಡು ನೋಡಬೇಕು.

"ಯಾಕೆ ಮೇಡಂ, ಪೊಲೀಸ್ನೋರು ಇಡ್ಕಂಡವ್ರಾ?" ಎಂದು ಅವರು ಕೆಳಗಿನಿಂದ ಕೇಳುವರು. "ಇಳೀರಿ. ಒಂದ್ಸಲ ಕೂತ್ಕಳಿ ಹಲಗೆ ಮ್ಯಾಲೆ. ಅಲ್ಲಿಂದ ನಿಮ್ಗೆ ಕಾಣಾಕಿಲ್ಲ."

"ಅಯ್ಯೋ ಬೇಡಪ್ಪ, ಸೀರೆ" ಎನ್ನುತ್ತಿದ್ದೆ. ಪ್ರತಿ ಸಲವೂ ಸೀರೆಯದೇ ನೆಪ.

ಮುಗಿದ ದಿನ ಕ್ವಾರ್ಟರ್ಸೇ ಬಂದು ನಿಂತಿತು. ದಡದಿಂದಲೇ ಅದು ನೋಡುವಂತಿತ್ತು. ಆಳದ ಕಡೆ ಕಪ್ಪಾಗುತ್ತ, ಗೋಡೆ ಏರಿದಂತೆ ತಿಳಿಯಾಗುತ್ತ, ಅಂಚಿನಲ್ಲಿ ಬಿಸಿಲಿಗೆ ಹಿಡಿದ ಗಾಜಿನಂತಾಗುವ ಹಸಿರು. ಬ್ರಶ್ಶಿನ ಗುರುತೇ ಇಲ್ಲ. ಎಷ್ಟು ಬಗೆಯ ಹಸಿರಿತ್ತೋ ಎಣಿಸಲು ಹೋಗಿ ಸೋತೆ. ಗಿರಿಜಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಅಯ್ ಶಿವನೇ, ಇಳಿದ್ರೆ ಮುಳುಗೇ ಬಿಡ್ತೀವೇನೋ ಅನ್ನಂಗೈತಲ್ರೀ" ಎಂದರು. ಯಾವುದೋ ಪತ್ರಿಕೆಯಲ್ಲಿ ಫೋಟೋ ಬಂತು. ಪೇಂಟರ್ ಯಜಮಾನರ ಫೋಟೋ ಕೇಳಿದರೆ ಅವರು ಡಬ್ಬಿ ತೊಳೆಯುತ್ತಿದ್ದೇನೆಂದು ಆಚೆ ಹೋಗಿಬಿಟ್ಟರು.

ಮುಂದಿನ ಭಾನುವಾರ ಹುಡುಗರು ಇಳಿದರು. ಅಂದು ಸಂಜೆ ನೋಡಿದೆ, ಹಸಿರು ಅಂಚಿನಲ್ಲಿ ನಾಲ್ಕೈದು ಬಿಳಿಯ ಗೀರು. ಅದರ ಮುಂದಿನ ವಾರ ಇನ್ನೂ ಹತ್ತು. ನನಗೆ ಯಾರೋ ನನ್ನ ಮೈಯನ್ನೇ ಕೆರೆದಂತಾಯಿತು. ಅವರಿಗೆ ಹೇಳಿದರೆ ಅವರು, "ಇರ್ಲಿ ಬಿಡಿ ಮೇಡಂ, ಅದು ಅಂಗೇ" ಎಂದರು. ಇದನ್ನು ನಾನು ಅವರ ಸಂಕೋಚವೆಂದುಕೊಂಡೆ. ಇಲ್ಲಿಯೇ ನಾನು ತಪ್ಪಿದ್ದು. ಬಾಳೆಲ್ಲ ಅಧಿಕಾರಿಗಳ ಮುಂದೆ 'ಆಯ್ತು ಸಾರ್' ಎಂದವರು, ಅಧಿಕಾರಿಯ ಹೆಂಡತಿಯ ಮುಂದೆ ಇನ್ನೆಷ್ಟು ಹೇಳಿಯಾರು ಎಂದು ನಾನು ಯೋಚಿಸಲಿಲ್ಲ. ಚೆಲುವನ್ನು ಕಾಪಾಡುವ ಭಾರ ನನ್ನ ಮೇಲಿದೆಯೆಂದು ನಂಬಿದೆ. ನಮ್ಮವರಿಗೆ ಗಂಟುಬಿದ್ದು ಗೇಟಿಗೆ ಬೀಗ ಹಾಕಿಸಿದೆ. ಬೋರ್ಡನ್ನೂ ಪೇಂಟರ್ ಯಜಮಾನರ ಕೈಯಲ್ಲೇ ಬರೆಸಬೇಕು, ಬೇರೆಯವರ ಅಕ್ಷರ ಆ ಚಿತ್ರದ ಪಕ್ಕ ಒಪ್ಪುವುದಿಲ್ಲ ಎಂದೆ.

ಅವರು ಬಂದರು. ನಾನು ಬರೆದುಕೊಟ್ಟ ಚೀಟಿಯನ್ನು ಎರಡು ಸಲ ಓದಿದರು.

"ಇದೇ ಬರೀಲಾ ಮೇಡಂ?"

"ಹೌದು."

"ಆಯ್ತು" ಎಂದು ಕಿವಿಯ ಮೇಲಿನ ಬ್ರಶ್ಶು ತೆಗೆದರು. ಆ ದಿನ ಒಂದು ಸಂಗತಿಯನ್ನು ನಾನು ಗಮನಿಸಿದ್ದೆ, ಆದರೆ ಅರ್ಥ ಮಾಡಿಕೊಳ್ಳಲಿಲ್ಲ. ಟರ್ಪೆಂಟೈನ್ ವಾಸನೆ ಇರಲಿಲ್ಲ. ಅವರು ನನ್ನನ್ನು ಒಂದು ಚೊಂಬು ನೀರು ಕೇಳಿದ್ದರು. ಕುಡಿಯಲಿಕ್ಕೆಂದುಕೊಂಡು ಫ್ರಿಜ್ಜಿನ ನೀರು ಕೊಟ್ಟಿದ್ದೆ.

ಅದೇ ಅವರು ಬರೆದ ಕೊನೆಯ ಬೋರ್ಡು. ಮೂರು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸೈಕಲ್ ತುಳಿಯುತ್ತಿರುವಾಗಲೇ ಎದೆ ಹಿಡಿದುಕೊಂಡು ಕೂತರಂತೆ.

ಮಾಕಳಿಯ ಅವರ ಮನೆಗೆ ಹೋಗಿದ್ದೆ. ಚಿಕ್ಕ ಅಂಗಳ. ಗೋಡೆಗೆ ಬರಿಯ ಸುಣ್ಣ, ಒಂದು ಗೆರೆಯೂ ಇಲ್ಲ. ಶಿವಲೀಲಾ ಮೂಲೆಯಲ್ಲಿ ಹಲಗೆಯನ್ನು ಅವುಚಿಕೊಂಡು ನಿಂತಿದ್ದಳು. ಅವರ ನೆನಪಿಗೆ ಕೊಳಕ್ಕೆ ಮೇಲಿನಿಂದ ಗಾಜಿನಂಥ ಗಟ್ಟಿ ಲೇಪನ ಹಾಕಿಸುತ್ತಿದ್ದೇವೆ, ಇನ್ನು ಯಾವತ್ತೂ ಗೀರು ಬೀಳುವುದಿಲ್ಲ ಎಂದು ನಾನು ಅವಳಿಗೆ ಸಮಾಧಾನ ಹೇಳಿದೆ. ಅವಳು ನನ್ನನ್ನು ದಿಟ್ಟಿಸಿ ನೋಡಿದಳು.

"ಬ್ಯಾಡ್ರೀ ಮೇಡಂ. ಅದು ಇನ್ನಾ ಮುಗಿದಿಲ್ಲ."

"ಮುಗಿದಿಲ್ಲ ಅಂದ್ರೆ?"

"ಹಸರಿನ ಕೆಳಗ ಅಜ್ಜಾರು ಬಿಳೇದು ಹಾಕ್ಯಾರ್ರಿ. ಎರಡು ಕೈ ಬಳದು, ದಪ್ಪಗ. ಅಂಚಿಗೆ ಹಸರು ಬರೇ ಒಂದ ಕೈ, ತೆಳ್ಳಗ. ನಾವು ಹತ್ತಿ ಹತ್ತಿ ತಿಕ್ಕಿದಂಗ ಬಿಳೇದು ಹೊರಗ ಬರ್ಬೇಕು. ನೊರಿ ಅದು. ಅಲಿ ಎಬ್ಸೋದು ನಂಗ್ ಬರ್ತದ, ಮುರಿಯೋದು ನೀವು ಅಂತಿದ್ರು."

ಪೂರ್ತಿ ಬಿಡಿಸಬಲ್ಲ ಕೈ, ಬೇಕೆಂದೇ ಅರ್ಧಕ್ಕೆ ನಿಲ್ಲಿಸಿ, ಉಳಿದರ್ಧವನ್ನು ಬೋಲ್ಟು ತಪಾಸಣೆ ಮಾಡುವ ಹುಡುಗಿಯ ಚಕ್ರಗಳಿಗೆ ಬಿಟ್ಟುಕೊಟ್ಟಿತ್ತು. ನಾನು ಅದಕ್ಕೆ ಬೀಗ ಹಾಕಿದ್ದೆ.

"ನೀನು ಮೊದಲೇ ಯಾಕೆ ಹೇಳಲಿಲ್ಲ?"

"ಅಜ್ಜಾರ ಬ್ಯಾಡಂದ್ರು. ಮೇಡಮ್ಮಾರಿಗೆ ಮುಖ ಸಣ್ಣದಾಗ್ತೈತಿ, ಮಳಿ ಬರೂತನ ತಡಿ ಅಂದ್ರು. ಮಳಿಗೂ ಇದಕ್ಕೂ ಏನು ಸಂಬಂಧಾನೋ, ನನಗ ತಿಳೀಲಿಲ್ಲ."

ನನಗೂ ತಿಳಿಯಲಿಲ್ಲ. ಮನೆಗೆ ಬಂದು ನಮ್ಮವರಿಗೆ ಹೇಳಬೇಕೆಂದು ನಾಲ್ಕು ಸಲ ಬಾಯಿ ತೆರೆದೆ. ಅಷ್ಟು ಹಠ ಮಾಡಿ ಬೀಗ ಹಾಕಿಸಿದವಳು ಈಗ ಯಾವ ಮುಖ ಹೊತ್ತು ತೆಗೆಸಲಿ ಎಂದು ಮತ್ತೆ ಮುಚ್ಚಿದೆ. ಹೀಗೇ ದಿನ ಜಾರಿದವು. ಲೇಪನದವರು ಸೋಮವಾರ ಬರುವುದೆಂದು ಗೊತ್ತಾಯಿತು.

ಅದರ ಹಿಂದಿನ ದಿನ, ಆ ಭಾನುವಾರ ಬೆಳಿಗ್ಗೆ, ಹಾಲಿನ ಚೀಲ ಹಿಡಿದು ಬೋಳು ಬೋರ್ಡಿನ ಮುಂದೆ ನಿಂತಿದ್ದೆ. ಹುಲ್ಲಿನ ಮೇಲಿನ ಕೆಂಪು ನೀರಿಗೆ ಬೆರಳು ಅದ್ದಿ ಉಜ್ಜಿದೆ. ಪುಡಿಪುಡಿಯಾಗಿತ್ತು. ಎಣ್ಣೆಯ ಜಿಡ್ಡೇ ಇಲ್ಲ. ಡಿಸ್ಟೆಂಪರು. ಚೊಂಬು ನೀರು ಕೇಳಿದ್ದು ಅದಕ್ಕೆ.

ಅವರು ನನ್ನ ಮಾತು ಮೀರಿರಲಿಲ್ಲ. ನಾನು ಕೊಟ್ಟ ಚೀಟಿಯನ್ನು ಒಂದಕ್ಷರ ಬಿಡದೆ, ಒತ್ತು ದೀರ್ಘ ತಪ್ಪದೆ, ತಮ್ಮ ಕೈಯ ಪೂರ್ತಿ ಸೊಬಗಿನಿಂದ ಬರೆದುಕೊಟ್ಟಿದ್ದರು. ಮೊದಲ ಮಳೆಯವರೆಗೆ ನನ್ನ ಮರ್ಯಾದೆ ಕಾಯುವಷ್ಟು. ಆಮೇಲೆ ಹೋಗಬೇಕಾದದ್ದು ಹೋಗುವಂತೆ. ನಾನು ಅಲ್ಲೇ, ಒದ್ದೆ ಕಟ್ಟೆಯ ಮೇಲೆ ಕೂತುಬಿಟ್ಟೆ. ಹಾಲಿನ ಪ್ಯಾಕೆಟ್ಟು ಮಡಿಲಲ್ಲಿ ತಣ್ಣಗೆ ಕೊರೆಯುತ್ತಿತ್ತು.

ಮನೆಗೆ ಬಂದಾಗ ನಮ್ಮವರು ಪೇಪರ್ ಓದುತ್ತಿದ್ದರು.

"ಕೊಳದ ಬೀಗದ ಕೈ ಕೊಡ್ರೀ. ನಾಳೆ ಬರೋರಿಗೆ ಬೇಡ ಅಂತ ಫೋನ್ ಮಾಡಿ."

"ಏನೇ ಇದು? ಹಾಕ್ಸಿ ಹಾಕ್ಸಿ ಅಂತ ಪ್ರಾಣ ತಿಂದೋಳು ನೀನೇ ಅಲ್ವಾ?"

"ನಾನೇ. ತಪ್ಪು ಮಾಡಿದ್ದೂ ನಾನೇ."

"ಕಮಿಟೀಲಿ ನಾನು ಏನಂತ ಹೇಳ್ಲಿ?"

"ಬೋರ್ಡಲ್ಲಿ ಏನೂ ಬರೆದಿಲ್ಲ ಅಂತ ಹೇಳಿ. ಬೇಕಾದ್ರೆ ಬಂದು ನೋಡಲಿ."

ಅವರು ಪೇಪರ್ ಮಡಚಿಟ್ಟು ಎದ್ದರು. "ಕಾಫಿ ಆದ್ರೂ ಕೊಟ್ಟು ಹೋಗ್ತೀಯಾ?" ಎಂದು ಕೇಳಿ, ಮೊಳೆಯಿಂದ ಕೀಲಿ ತೆಗೆದುಕೊಟ್ಟರು.

ಶಿವಲೀಲಾಳಿಗೆ ಫೋನ್ ಮಾಡಿದೆ. ಹತ್ತು ಗಂಟೆಗೆ ಎಲ್ಲರೂ ಬಂದರು. ಮಳೆನೀರನ್ನು ಹಳೇ ಗೋಣಿಚೀಲಗಳಿಂದ ಒರೆಸಿ, ಬಿಸಿಲಿಗೆ ಒಣಗಲು ಬಿಟ್ಟು, ಹನ್ನೆರಡರ ಹೊತ್ತಿಗೆ ಇಳಿದರು. ಶಿವಲೀಲಾ ಇಳಿಯುವ ಮೊದಲು ಹಲಗೆಯನ್ನು ನನ್ನ ಮುಂದೆ ಇಟ್ಟಳು.

"ಮೊದಲು ನೀವ್ರಿ. ಅಜ್ಜಾರು ನಿಮ್ಮನ್ನ ಭಾಳ ಸಲ ಕರದಾರ."

ಸೀರೆಯನ್ನು ಮಂಡಿಯವರೆಗೆ ಸುತ್ತಿ ಬಿಗಿದು, ಐವತ್ತಾರು ವರ್ಷದ ನಾನು ಆ ಹಲಗೆಯ ಮೇಲೆ ಕೂತೆ. ಕೈಗಳನ್ನು ಹಿಂದೆ ಕಟ್ಟಿಕೊಳ್ಳುವ ಹಾಗಿರಲಿಲ್ಲ, ಹಲಗೆಯ ಅಂಚನ್ನು ಗಟ್ಟಿಯಾಗಿ ಹಿಡಿಯಬೇಕಿತ್ತು. ಅವಳು ಬೆನ್ನ ಮೇಲೆ ಕೈಯಿಟ್ಟು ಮೆತ್ತಗೆ ನೂಕಿದಳು.

ದಡದಿಂದ ಬಗೆಬಗೆಯ ಹಸಿರಾಗಿ ಕಂಡಿದ್ದೆಲ್ಲ ನಾನು ಜಾರಿದಂತೆ ಒಂದರೊಳಗೊಂದು ಸೇರಿಕೊಂಡಿತು. ನೆಲ ಕಪ್ಪಾಯಿತು. ಎದುರಿನ ಗೋಡೆ ಎದ್ದಿತು. ನಿಜವಾಗಿಯೂ ಎದ್ದಿತು, ನನಗಿಂತ ಎತ್ತರಕ್ಕೆ, ತನ್ನ ಹೊಟ್ಟೆಯೊಳಗೆ ಬೆಳಕು ತುಂಬಿಕೊಂಡು, ನನ್ನ ಮೇಲೆ ಬಾಗಿತು. ಸೋಡಾ ಬಾಟಲಿಯ ತಳದ ಬಣ್ಣ. ನಾನು ಬಾಯಿ ಬಿಟ್ಟು ಕೂಗಿಕೊಂಡೆನಂತೆ, "ಅಪ್ಪಾ" ಎಂದು. ಸಮುದ್ರವನ್ನೇ ನೋಡದ ಮನುಷ್ಯ, ನಾನು ಕಂಡು ಮರೆತ ಅಲೆಯನ್ನು ನನಗೇ ತಂದು ತೋರಿಸಿದ್ದರು.

ಆಮೇಲೆ ಹುಡುಗರು ಸಂಜೆಯವರೆಗೆ ಇಳಿದರು, ಏರಿದರು, ಅಂಚಿಗೆ ಉಜ್ಜಿದರು. ನಾನು ದಡದಲ್ಲಿ ಕಾಲು ಇಳಿಬಿಟ್ಟು, ಪೇಂಟರ್ ಯಜಮಾನರು ಕೂರುತ್ತಿದ್ದ ಜಾಗದಲ್ಲೇ ಕೂತಿದ್ದೆ. ಖಾಲಿ ಸೋಡಾ ಬಾಟಲಿ ಇನ್ನೂ ಮೆಟ್ಟಿಲಿನ ಮೇಲಿತ್ತು.

ಸಂಜೆ ಹಿತ್ತಲಿನಲ್ಲಿ ಒಣಗಿದ ಬಟ್ಟೆ ತೆಗೆಯುವಾಗ ಗಿರಿಜಮ್ಮ ಸಂಡಿಗೆ ಡಬ್ಬಿ ಕೊಡಲು ಬಂದರು. ಕಾಂಪೌಂಡಿನಾಚೆ ಸದ್ದು ಇನ್ನೂ ನಡೆದಿತ್ತು. ಅವರು ನನ್ನ ಸ್ಟೂಲು ಹತ್ತಿ ಒಮ್ಮೆ ಇಣುಕಿ, ಡಬ್ಬಿಯನ್ನು ನನ್ನ ಕೈಗಿಟ್ಟರು.

"ಡಬ್ಬಿ ನಾಳೆ ಕೊಡ್ರಿ, ಅವಸರಿಲ್ಲ. ಅಲ್ರೀ, ಅಷ್ಟು ಚೆಂದದ ಹಸಿರು, ಪಾಪ, ನೋಡ್ರಿ ಅತ್ಲಾಗೆ, ಅಂಚಿಗೆಲ್ಲ ಬೆಳ್ಳಗಾಗಕ್ಕೆ ಹತ್ತೈತಿ."